ಹತ್ತುವ ಮೀನು, ಇಳಿಯುವ ಮೀನು

ಸಾಹೇಬರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಐಸ್ ಲಾರಿಯ ಡ್ರೈವರನಿಂದ. ಕರಾವಳಿಯಿಂದ ಬಂಗುಡೆ, ಬೂತಾಯಿ ಹೊತ್ತುಕೊಂಡು ವಾರಕ್ಕೊಮ್ಮೆ ಚನ್ನಗಿರಿಗೆ ಬರುವ ಲಾರಿ. ಪೆಟ್ಟಿಗೆ ಇಳಿಸುತ್ತಿದ್ದವನು ನನ್ನನ್ನು ಕಂಡು ಕೈ ಒರೆಸಿಕೊಂಡ.

"ನೀವು ಮೊದಲು ಹೊನ್ನಾಳಿಯಲ್ಲಿ ಇದ್ದವರಲ್ಲವಾ? ಅಲ್ಲಿ ಮೀನಿಗೆ ನೂಲು ಕಟ್ಟುವ ಆಫೀಸರು ಒಬ್ಬರು ಇದ್ದರಲ್ಲ, ಅವರು ಹೋದರು ಮಾರಾಯ್ರೆ. ಬೆಳಿಗ್ಗೆ ಕಡಲ ಹತ್ತಿರ ಹೋಗಿ ಕೂತವರು ಹಾಗೇ. ಕಡಲಿಗೆ ಮುಖ ಮಾಡಿಕೊಂಡೇ ಇದ್ದರಂತೆ."

ಪೆಟ್ಟಿಗೆಯಿಂದ ಐಸ್ ಕರಗಿ ನನ್ನ ಚಪ್ಪಲಿಯ ಮೇಲೆ ಹನಿಯುತ್ತಿತ್ತು. ನಾನು ಈಗ ಇರುವ ಕುರ್ಚಿಗೆ ಬಂದದ್ದು ನನ್ನ ಡಿಗ್ರಿಯಿಂದ. ಅದರಲ್ಲಿ ಸಂಕೋಚವಿಲ್ಲ, ಹೆಮ್ಮೆಯೇ ಇದೆ. ಆದರೆ ಆ ಡಿಗ್ರಿ ಯಾವ ಕೆಲಸಕ್ಕೆ ಬರುತ್ತದೆ ಎಂದು ತೋರಿಸಿಕೊಟ್ಟವರು ಅವರು. ಒಂದು ಮುಂಗಾರಿನ ಮಧ್ಯಾಹ್ನ ಎರಡೂ ದಂಡೆಯಲ್ಲಿ ಬಡಿಗೆ ಹಿಡಿದ ಜನ ನಿಂತಿದ್ದಾಗ, ಹಳ್ಳದ ಕೆನ್ನೀರಿನಲ್ಲಿ ಅವರ ಪಕ್ಕದಲ್ಲಿ ನಾನೂ ನಿಂತಿದ್ದೆ. ಬರೆಯಲು ನನಗಿರುವ ಹಕ್ಕು ಅಷ್ಟೇ.

ನಾನು ಜಗಳೂರು ಸೀಮೆಯವನು, ಸೊಕ್ಕೆ ಕಡೆ. ನಮ್ಮಲ್ಲಿ ಹಳ್ಳ ಎಂದರೆ ಮರಳು. ಅಪ್ಪ ಅವ್ವ ಕೂಲಿಯವರು. ಇದ್ದದ್ದು ಒಂದು ತುಂಡು ಕಲ್ಲುಹೊಲ. ಹಾಸ್ಟೆಲಿನ ಮುದ್ದೆ ತಿಂದು, ಇನ್ನೊಬ್ಬರ ಪುಸ್ತಕ ಓದಿ, ದಾವಣಗೆರೆಯಲ್ಲಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಕೇರಿಯಲ್ಲಿ ಡಿಗ್ರಿ ಮಾಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಕಪ್ಪೆ ಕೊಯ್ದು ಪಾಸಾದವನು, ಈಜು ಬಾರದವನು, ಎಪ್ಪತ್ತರ ದಶಕದ ನಡುವಿನಲ್ಲಿ ಮೀನುಗಾರಿಕೆ ಕಚೇರಿಯ ಕೆಲಸಕ್ಕೆಂದು ಹೊನ್ನಾಳಿಯಲ್ಲಿ ಬಸ್ಸಿಳಿದೆ.

ಕಚೇರಿಯ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ ಸಾಹೇಬರನ್ನು ಕೇಳಿದರು: "ಇವರು ಯಾರ ಪೈಕಿ ಸಾರ್?"

ಸಾಹೇಬರು ತಲೆ ಎತ್ತಲಿಲ್ಲ. "ಬಿ.ಎಸ್ಸಿ. ಪೈಕಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಊಟ ಆಯ್ತಾ?" ಎಂದರು. ಆಗಿರಲಿಲ್ಲ. ತಮ್ಮ ಡಬ್ಬಿಯ ಕುಚ್ಚಲಕ್ಕಿ ಅನ್ನವನ್ನು ಮುಚ್ಚಳಕ್ಕೆ ಅರ್ಧ ಹಾಕಿ, ಒಣಮೀನಿನ ಚಟ್ನಿ ಇಟ್ಟು ನನ್ನತ್ತ ತಳ್ಳಿದರು. ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರು ಬಿ.ಎಸ್ಸಿ. ಆ ಕಚೇರಿಯಲ್ಲಿ ನನ್ನನ್ನು ಮತ್ತೆ ಯಾರೂ ಬೇರೆ ಪೈಕಿಗೆ ಸೇರಿಸಲಿಲ್ಲ. ಮನಸ್ಸಿನಲ್ಲಿ ಸೇರಿಸಿದ್ದರೆ ಅದು ಅವರ ಕಷ್ಟ.

ಅವರು ಕಡಲಿನ ಮನುಷ್ಯ. ಯಾಂತ್ರಿಕ ದೋಣಿಗಳು ಹೊಸದಾಗಿ ಬಂದಿದ್ದ ಕಾಲದಲ್ಲಿ, ದಂಡೆಗೆ ಹತ್ತಿರದ ಒಂದು ಬಂಡೆಸಾಲಿನಲ್ಲಿ ಯಾರೂ ಬಲೆ ಬಿಡಬಾರದು, ಅಲ್ಲಿ ಮೀನು ದೊಡ್ಡದಾಗಲಿ, ಅಲ್ಲಿಂದ ಹೊರಗೆ ಹರಡಲಿ ಎಂದು ಹೇಳಿದ್ದರಂತೆ. ದೋಣಿಯ ಧಣಿಗಳಿಗೆ ಅದು ರುಚಿಸಲಿಲ್ಲ. ಸಾಹೇಬರು ಸಮುದ್ರವೇ ಇಲ್ಲದ ಊರಿಗೆ ವರ್ಗವಾಗಿ ಬಂದರು. ಯಾರಾದರೂ ಆ ಮಾತು ತೆಗೆದರೆ, "ನೀರು ಉಂಟಲ್ಲ, ಸಾಕು" ಎನ್ನುತ್ತಿದ್ದರು.

"ನಿಮ್ಮ ಅಪ್ಪ ಬಿತ್ತನೆ ಜೋಳ ತಿನ್ನುತ್ತಾರಾ?" ಎಂದು ಒಮ್ಮೆ ನನ್ನನ್ನು ಕೇಳಿದರು.

"ಉಪವಾಸ ಬಿದ್ದರೂ ಮುಟ್ಟಲ್ಲ ಸಾರ್."

"ಬೀಜ ಎತ್ತಿಡುವುದು ಎಲ್ಲರಿಗೂ ಗೊತ್ತು. ಎಷ್ಟು ಎತ್ತಿಡಬೇಕು, ಎಲ್ಲಿ ಇಡಬೇಕು, ಅಲ್ಲಿಂದ ಹೊಲಕ್ಕೆ ದಾರಿ ಉಂಟಾ? ಅದನ್ನು ಲೆಕ್ಕ ಹಾಕುವುದು ವಿಜ್ಞಾನ. ಸುಮ್ಮನೆ ಎತ್ತಿಟ್ಟರೆ ಅದು ಭಕ್ತಿ."

ಅವರಿಗೆ ಒಂದು ಚಟವಿತ್ತು. ಯಾರು ಏನು ಹೇಳಿದರೂ "ಆಮೇಲೆ?" ಎನ್ನುವರು. ಮೀನು ಬೇಸಗೆಯಲ್ಲಿ ಮಡುವಿನಲ್ಲಿ ಇರ್ತದೆ ಸಾರ್. ಆಮೇಲೆ? ಮಳೆ ಬಂದರೆ ಹೋಗ್ತದೆ ಸಾರ್. ಆಮೇಲೆ? ಕಾಫಿ ಹೋಟೆಲಿನವನು "ಸಕ್ಕರೆ ಇಲ್ಲ ಸಾರ್" ಎಂದರೂ "ಆಮೇಲೆ?"

ಹೊನ್ನಾಳಿಗೆ ಮೇಲಿನ ಕಡೆ ತುಂಗಭದ್ರೆಯಲ್ಲಿ ಒಂದು ಮಡುವಿತ್ತು. ಬೇಸಗೆಯಲ್ಲಿ ಹೊಳೆ ಬಂಡೆಗಳ ನಡುವೆ ನೂಲಿನಂತೆ ಸಣ್ಣಗಾದಾಗ ಮೀನೆಲ್ಲ ಆ ಮಡುವಿಗೆ ಸೇರುತ್ತಿದ್ದವು. ದಂಡೆಯ ಮೀನುಗಾರರ ಕೇರಿಗೆ ಅದೇ ಬೇಸಗೆಯ ಅನ್ನ. ಕೇರಿಯ ಹಿರಿಯ ಗಂಗಪ್ಪ ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುವವಳು ಹೆಂಡತಿ ದುರುಗಮ್ಮ. ನ್ಯಾಮತಿ ಸಂತೆಯಲ್ಲಿ ಮೀನು ಮಾರುವ ಅವಳ ಬಾಯಿಗೆ ಪೊಲೀಸರೂ ದಾರಿ ಬಿಡುತ್ತಿದ್ದರು.

ಆ ಮಡುವಿನಲ್ಲಿ ಬಲೆ ಬಿಡಬೇಡಿ ಎಂದು ಕೇಳಲು ಸಾಹೇಬರು ಕೇರಿಗೆ ಹೋದರು. ಅದಕ್ಕೆ ಮೊದಲು ತಿಂಗಳುಗಟ್ಟಲೆ ಮೀನು ಹಿಡಿದು, ಬೆನ್ನಿನ ರೆಕ್ಕೆಗೆ ಕೆಂಪು ನೂಲು ಕಟ್ಟಿ ಬಿಟ್ಟಿದ್ದರು. ನೂಲಿನ ಮೀನು ಎಲ್ಲಿ ಸಿಕ್ಕಿತು ಎಂದು ಬಲೆಗಾರರು ಹೇಳಬೇಕು; ಅದರಿಂದ ಮೀನು ಎಷ್ಟು ದೂರ ಅಡ್ಡಾಡುತ್ತದೆ ಎಂದು ತಿಳಿಯಬೇಕು. ಕಾಯ್ದಿಟ್ಟ ಜಾಗ ಮೀನಿನ ತಿರುಗಾಟಕ್ಕಿಂತ ಚಿಕ್ಕದಾದರೆ ಮೀನು ಉಳಿಯುವುದಿಲ್ಲ. ತೀರಾ ದೊಡ್ಡದಾದರೆ ಜನ ಉಳಿಯುವುದಿಲ್ಲ. ಕೇರಿ ನಕ್ಕಿತ್ತು. "ಮೀನಿಗೆ ಉಡಿದಾರ ಕಟ್ಟಾಕೆ ಸರ್ಕಾರ ಸಂಬಳ ಕೊಡ್ತತೇನ್ರೀ?" ಎಂದಿದ್ದಳು ದುರುಗಮ್ಮ. ನಕ್ಕರೂ ಹೇಳುತ್ತಿದ್ದರು.

"ಮಡುವಿನ ಎರಡು ತುದಿಗೆ ಬಾವುಟ ಹಾಕುವ. ಒಳಗೆ ಬೇಡ. ಹೊರಗೆ ಎಷ್ಟು ಬೇಕಾದರೂ ಹಿಡಿಯಿರಿ. ಒಳಗಿನದು ಹೆಚ್ಚಾಗಿ ಹೊರಗೆ ಬರ್ತದೆ" ಎಂದರು ಸಾಹೇಬರು.

"ಬರಲಿಲ್ಲ ಅಂದ್ರೆ?" ಎಂದ ಗಂಗಪ್ಪ.

"ಬಾವುಟ ನಾನೇ ಕೀಳ್ತೇನೆ."

ಗಂಗಪ್ಪ ಹೊಳೆಯ ಕಡೆ ತಿರುಗಿದ. ಮೀನು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದ್ದುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಆತು" ಎಂದ. ಬಾವುಟದ ಬಿದಿರು ನೆಡಲು ಸಾಹೇಬರು ಕಚೇರಿಯ ಆಳನ್ನು ಕರೆಯಲಿಲ್ಲ. ಕೇರಿಯವರ ಕೈಯಲ್ಲೇ ನೆಡಿಸಿದರು. ಅದು ಅವರ ಪದ್ಧತಿ. ನೆಟ್ಟವನು ಕೀಳುವುದಿಲ್ಲ ಎನ್ನುತ್ತಿದ್ದರು.

ಆ ಬೇಸಗೆ ಕೇರಿಗೆ ಕಷ್ಟವಾಯಿತು. ಗಂಡಸರು ಇಟ್ಟಿಗೆ ಗೂಡಿಗೆ ಹೋದರು. ದುರುಗಮ್ಮ ಸೂಳೆಕೆರೆಯ ಮೀನನ್ನು ಹೆಚ್ಚಿನ ಬೆಲೆಗೆ ತಂದು ಮಾರಿದಳು. ಆದರೂ ಬಾವುಟದ ಒಳಗೆ ಒಂದು ಗಾಳ ಕೂಡ ಬೀಳಲಿಲ್ಲ. ಮಡುವಿನಲ್ಲಿ ದೊಡ್ಡ ದೊಡ್ಡ ಬಾಳೆಮೀನು ಮಗ್ಗುಲು ಬದಲಿಸುವುದನ್ನು ಬಂಡೆಯ ಮೇಲೆ ನಿಂತು ನೋಡಬಹುದಿತ್ತು.

ಮೊದಲ ಮಳೆ ಬಂತು, ಹೊಳೆ ಏರಿತು. ಮರುದಿನ ನ್ಯಾಮತಿ ಸಂತೆ. ಮಧ್ಯಾಹ್ನದ ಹೊತ್ತಿಗೆ ದುರುಗಮ್ಮ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ಗಂಟು ಬಿಚ್ಚಿ ಸಾಹೇಬರ ಮೇಜಿನ ಮೇಲೆ ಸುರಿದಳು. ಒದ್ದೆಯಾದ, ರಕ್ತ ಹತ್ತಿದ ಕೆಂಪು ನೂಲು. ಒಂದು ಹಿಡಿ.

"ತಗಳ್ರಿ ಸಾಹೇಬ್ರೇ, ನಿಮ್ಮ ಉಡಿದಾರ. ಸಂತೆ ತುಂಬ ನಮ್ಮ ಮಡುವಿನ ಮೀನು. ಮಾರೋರು ಯಾರು ಅಂತೀರಿ? ಒಕ್ಕಲು ಮಂದಿ. ನಾವು ಹೊಟ್ಟೆಗೆ ಬಟ್ಟೆ ಕಟ್ಕಂಡು ಕಾದಿದ್ದು ಹಳ್ಳದ ಮೇಲಿನೂರಿಗೆ ಸಾರು ಮಾಡಿಕೊಡಾಕೇನು?"

ಸಾಹೇಬರು ನೂಲನ್ನು ಮುಟ್ಟಿ ನೋಡಿದರು. "ಹಳ್ಳ? ಯಾವ ಹಳ್ಳ?"

ಮಡುವಿಗೆ ಸ್ವಲ್ಪ ಮೇಲೆ, ನ್ಯಾಮತಿ ಕಡೆಯಿಂದ ಬಂದು ಹೊಳೆಗೆ ಸೇರುವ ಒಂದು ಹಳ್ಳ. ವರ್ಷದಲ್ಲಿ ಹೆಚ್ಚು ಕಾಲ ಅದು ಒಣಗಿ ದನ ಮೇಯುವ ಜಾಗ. ನಾವಿಬ್ಬರೂ ಅದರಲ್ಲಿ ಸೈಕಲ್ ತಳ್ಳಿಕೊಂಡು ದಾಟಿದ್ದೆವು. ಮೊದಲ ಮಳೆಗೆ ಅದರಲ್ಲಿ ಕೆನ್ನೀರು ಬಂದರೆ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಹೊಳೆ ಬಿಟ್ಟು, ನೀರಿಗೆ ಎದುರಾಗಿ ಹಳ್ಳ ಹತ್ತುತ್ತವೆ. ಹತ್ತುಮೀನು ಎನ್ನುತ್ತಾರೆ. ಹಳ್ಳ ದಾಟುವ ಬಂಡಿದಾರಿಯ ಕಲ್ಲುಹಾಸಿನ ಬಳಿ ಅವು ಗುಂಪುಗೂಡಿ ಒದ್ದಾಡುವಾಗ ಮೇಲಿನೂರಿನವರು ಬಡಿಗೆ, ಬುಟ್ಟಿ, ಕುಡುಗೋಲು ಹಿಡಿದು ಬರುತ್ತಾರೆ. ಅದು ಬಲೆಗಾರರ ಕೆಲಸವಲ್ಲ. ಒಕ್ಕಲಿಗರು, ಅಕ್ಕಸಾಲಿಗರು, ಶಾಲೆಯ ಮೇಷ್ಟ್ರು ಎಲ್ಲರೂ ಇಳಿಯುತ್ತಾರೆ. ಮಳೆ ಕೊಟ್ಟದ್ದು ಎಲ್ಲರದು ಎಂಬುದು ವಾಡಿಕೆ.

"ನನಗೆ ಇದನ್ನು ಯಾಕೆ ಹೇಳಲಿಲ್ಲ?" ಎಂದರು ಸಾಹೇಬರು.

ಹಿಂದೆಯೇ ಬಂದು ನಿಂತಿದ್ದ ಗಂಗಪ್ಪ ಹೇಳಿದ: "ನೀವು ಹೊಳೆ ಕೇಳಿದ್ರಿ, ಹಳ್ಳ ಕೇಳ್ಲಿಲ್ಲ."

ಅಂದು ಸಂಜೆ ಅವರು ಕೇರಿಗೆ ಹೋಗಿ ಎಲ್ಲರ ಎದುರು ನಿಂತರು. ಮೇಲಧಿಕಾರಿಯೊಬ್ಬ ಮೀನುಗಾರರ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಕಡಲಿನಲ್ಲಿ ತಾಯಿ ಇದ್ದಲ್ಲೇ ಇರ್ತದೆ, ಮೊಟ್ಟೆ ನೀರಿನ ಜೊತೆ ಹೋಗ್ತದೆ. ನಾನು ಇಲ್ಲಿಯೂ ಹಾಗೇ ಅಂತ ಎಣಿಸಿದೆ. ನೆರೆ ಬಂದಾಗ ಹೊಳೆಯ ಅಂಚಿನಲ್ಲೇ ಮೊಟ್ಟೆ ಇಡ್ತವೆ ಅಂದುಕೊಂಡೆ. ಇಲ್ಲಿ ತಾಯಿಯೇ ಹೋಗ್ತದೆ, ನೀರಿಗೆ ಎದುರಾಗಿ. ಮನೆಗೆ ಕಾವಲು ಇಟ್ಟು ದಾರಿಯನ್ನು ಬಿಟ್ಟೆ. ತಪ್ಪು ನನ್ನದು. ಇನ್ನೊಂದು ಬೇಸಗೆ ಕೊಡಿ."

ಬೈಗುಳ ಬಂದವು. ಇಟ್ಟಿಗೆ ಗೂಡಿನಲ್ಲಿ ಕೈ ಸುಟ್ಟುಕೊಂಡವನೊಬ್ಬ ಕೈ ತೋರಿಸಿದ. ಕೊನೆಗೆ ಗಂಗಪ್ಪ ಎದ್ದ. "ಇನ್ನೊಂದು ಬೇಸಗೆ. ಆ ಮಳಿಗೂ ಹಿಂಗೇ ಆದ್ರೆ ಬಾವುಟನೂ ಇರಲ್ಲ, ಮಡುವಿನಾಗೆ ಒಂದು ಮರಿನೂ ಇರಲ್ಲ. ಎಲ್ಲಾ ಬಾಚಿಬಿಡ್ತೀವಿ."

ಆ ಮಾತಿನಿಂದ ಮುಂದಿನ ಮುಂಗಾರಿನವರೆಗೆ ಸಾಹೇಬರು ನಕ್ಕದ್ದನ್ನು ನಾನು ಕಾಣೆ.

ಮಳೆಗಾಲ ಮುಗಿದ ಮೇಲೆ ಒಣಹಳ್ಳದಲ್ಲಿ ಮೇಲಕ್ಕೆ ನಡೆದೆವು, ಗಂಗಪ್ಪನನ್ನು ಕರೆದುಕೊಂಡು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಗದ್ದೆಗೆ ನುಗ್ಗುತ್ತದೆ, ಮೀನು ಎಲ್ಲಿಯವರೆಗೆ ಹತ್ತಬಹುದು? ಹಳ್ಳದ ತಲೆಯಲ್ಲಿ ಒಂದು ಊರ ಕೆರೆಯ ಕೋಡಿ. ಸಾಹೇಬರು ಮರಳಿನಲ್ಲಿ ಕೂತು ಬೆರಳಿನಿಂದ ಗೆರೆ ಎಳೆದರು: ಮಡು ಒಂದು ಗುಂಡು, ಕೋಡಿಯ ಕೆಳಗಿನ ಜೌಗು ಒಂದು ಗುಂಡು, ನಡುವೆ ಹಳ್ಳ. "ಮಣಿ ಎರಡಿದ್ದರೆ ಸರ ಆಗುವುದಿಲ್ಲ ಬಿ.ಎಸ್ಸಿ. ದಾರ ಬೇಕು." ಆ ದಾರ ಮೇಲಿನೂರಿನವರ ಕೈಯಲ್ಲಿತ್ತು.

ಮೇಲಿನೂರಿನ ಕಟ್ಟೆಯ ಮೇಲೆ ಸಭೆ ಸೇರಿತು. ಸಾಹೇಬರಿಗೆ ಜಮಖಾನ ಹಾಸಿದ್ದರು. ನಾನು ಕಟ್ಟೆಯ ಕೆಳಗೇ ನಿಂತೆ. ಮೇಲೆ ಬಾ ಎಂದು ಯಾರೂ ಹೇಳಲಿಲ್ಲ, ಹೇಳುವುದಿಲ್ಲ ಎಂದು ನನಗೂ ಗೊತ್ತಿತ್ತು. ಸಾಹೇಬರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಜಮಖಾನ ನೋಡಿದರು. ಕೆಳಗೆ ಇಳಿದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. "ಇಲ್ಲಿಂದ ಎಲ್ಲರ ಮುಖ ಕಾಣ್ತದೆ" ಎಂದರು. ಸಭೆ ಅಲ್ಲಿಂದಲೇ ಬಿಗಿಯಾಯಿತು.

ಊರಿನ ಹಿರಿಯ ಬಸಣ್ಣ ಮಾತು ತೆಗೆದ. "ಹತ್ತೋ ಮೀನು ಬಿಡ್ರಿ ಅಂತೀರಿ. ಯಾಕ್ರೀ ಬಿಡಬೇಕು? ನಾವು ಹಿಡೀದಿದ್ರೆ ಅವು ಹೊಲದಾಗೆ ಬಿದ್ದು ಸಾಯ್ತಾವೆ. ಹತ್ತಿದ ಮೀನು ಇಳಿಯಲ್ಲ. ನಮ್ಮಪ್ಪನ ಕಾಲದಿಂದ ಇಳಿದಿದ್ದು ನೋಡಿದೋರೇ ಇಲ್ಲ."

"ಇಳಿಯಲು ನೀವು ಬಿಟ್ಟರೆ ಅಲ್ಲವಾ?"

"ಅಲ್ರೀ, ಆಕಾಶದಿಂದ ಬಿದ್ದಿದ್ದಕ್ಕೂ ಸರ್ಕಾರ ಬೇಲಿ ಹಾಕ್ತತಾ?" ಎಂದ ಇನ್ನೊಬ್ಬ. ಕಟ್ಟೆ ನಕ್ಕಿತು.

"ಮೊಟ್ಟೆ ಇಟ್ಟು ಇಳಿದು ಬರುವ ಮೀನನ್ನು ನೀವೇ ಹಿಡಿಯಿರಿ. ಹತ್ತುವುದನ್ನು ಮಾತ್ರ ಬಿಡಿ. ಅಷ್ಟೇ ನಾನು ಕೇಳುವುದು."

"ಇಳಿಯೋದೇ ಇಲ್ಲ ಅಂತಿದೀನಿ, ಇಳಿಯೋದನ್ನ ಹಿಡಿ ಅಂತಾರೆ!" ಬಸಣ್ಣ ಟವೆಲ್ ಕೊಡವಿ ಎದ್ದ. ಸಭೆ ಮುಗಿಯಿತು.

ಮೇಲಿನ ಕಚೇರಿಯವರು ಪೊಲೀಸರನ್ನು ಕಳಿಸುತ್ತೇವೆ ಎಂದರು. ಸಾಹೇಬರು ಬೇಡ ಎಂದರು. "ಪೊಲೀಸರು ನಿಂತಿರುವವರೆಗೆ ಮೀನು ಉಳೀತದೆ. ಅವರು ಊಟಕ್ಕೆ ಹೋದರೆ? ಆಮೇಲೆ?" ಗಂಗಪ್ಪನ ಕೇರಿಯ ಹುಡುಗರು ದೋಣಿಯ ಹುಟ್ಟು ಹಿಡಿದು ಹಳ್ಳ ಕಾಯುತ್ತೇವೆ ಎಂದರು. ಅದಕ್ಕೂ ಬೇಡ ಎಂದರು. ಮೀನುಗಾರರು ಒಕ್ಕಲಿಗರ ಮೇಲೆ ಕೈ ಮಾಡಿದರೆ ಕೇರಿಯ ಗತಿ ಏನಾಗುತ್ತದೆ ಎಂದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಎರಡನೆಯ ಬೇಸಗೆಯೂ ಕೇರಿ ಮಡುವನ್ನು ಮುಟ್ಟಲಿಲ್ಲ.

ಮಳೆ ಬಂದದ್ದು ಒಂದು ಮಧ್ಯಾಹ್ನ, ಸೂರಗೊಂಡನಕೊಪ್ಪದ ಕಡೆಯಿಂದ ಕಪ್ಪಾಗಿ ಎದ್ದು. ನಾವು ಸೈಕಲ್ ತುಳಿದು ಹಳ್ಳ ಮುಟ್ಟುವಷ್ಟರಲ್ಲಿ ಕೆನ್ನೀರು ಮೊಣಕಾಲಿಗೆ ಬಂದಿತ್ತು. ಬಂಡಿದಾರಿಯ ಎರಡೂ ಕಡೆ ಮೇಲಿನೂರು ನೆರೆದಿತ್ತು. ಕೆಳಗೆ, ಹಳ್ಳದ ಬಾಯಲ್ಲಿ, ಗಂಗಪ್ಪನ ಕೇರಿ. ಬೇಡವೆಂದರೂ ಹುಟ್ಟು ತಂದಿದ್ದರು. ನೀರಿನಲ್ಲಿ ಕಪ್ಪು ಬೆನ್ನುಗಳು ಕಾಣತೊಡಗಿದವು. ಮೊದಲು ಪಕ್ಕೆಮೀನು, ಹಿಂದೆ ಬಾಳೆ. ಕಲ್ಲುಹಾಸಿಗೆ ಬಡಿದು, ಹಿಂದೆ ಬಿದ್ದು, ಮತ್ತೆ ಬಡಿದು.

ಸಾಹೇಬರು ಕೊಡೆಯನ್ನು ನನ್ನ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ನೀರಿನ ನಡುವೆ ಹೋಗಿ ನಿಂತರು. ಈಜು ಬಾರದ ನಾನೂ ಇಳಿದೆ. ಕೊಡೆ ನನ್ನ ಕೈಯಲ್ಲಿತ್ತು, ಅವರು ನೆನೆಯುತ್ತಿದ್ದರು.

"ಸರೀರಿ ಸಾಹೇಬ್ರೇ ಆ ಕಡೆ! ಕಾಲಿಗೆ ಏಟು ಬಿದ್ರೆ ನಮ್ಮನ್ನ ಅನಬ್ಯಾಡ್ರಿ!"

ಒಂದು ಬಡಿಗೆ ಬಿತ್ತು. ನೀರು ಹಾರಿ ಸಾಹೇಬರ ಕನ್ನಡಕ ಬಿತ್ತು. ಕೆಳಗಿನಿಂದ ಗಂಗಪ್ಪನ ಕಡೆಯವರು ಹೋ ಎಂದು ನಾಲ್ಕು ಹೆಜ್ಜೆ ಮುಂದೆ ಬಂದರು. ಮೇಲಿನವರು ಬಡಿಗೆಗಳನ್ನು ಮೀನಿನಿಂದ ಎತ್ತಿ ಮನುಷ್ಯರ ಕಡೆ ತಿರುಗಿಸಿದರು. ಇನ್ನೊಂದು ಮಾತು ಹೆಚ್ಚಾಗಿದ್ದರೆ ಆ ಹಳ್ಳದಲ್ಲಿ ಮೀನಿನ ರಕ್ತವಲ್ಲ, ಬೇರೆಯದು ಹರಿಯುತ್ತಿತ್ತು.

ಸಾಹೇಬರು ಕನ್ನಡಕ ಹುಡುಕಲಿಲ್ಲ. ಬಗ್ಗಿ, ಹೆಗಲ ಒದ್ದೆ ಟವೆಲಿನಲ್ಲಿ ಒಂದು ದೊಡ್ಡ ಬಾಳೆಮೀನನ್ನು ಹಿಡಿದೆತ್ತಿದರು. ಅದು ಕಚ್ಚುವ ಮೀನು. ಕೈಯಲ್ಲಿ ರಕ್ತ ಬಂತು. ದಂಡೆಗೆ ತಂದು, ಬಸಣ್ಣನ ಎದುರು ಅದರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ರಾಗಿಯಂಥ ಮೊಟ್ಟೆ ಅವರ ಅಂಗೈ ತುಂಬಿ, ಬೆರಳ ಸಂದಿಯಿಂದ ಇಳಿದು ಬಸಣ್ಣನ ಪಾದದ ಮೇಲೆ ಬಿತ್ತು.

"ಇದು ಒತ್ತಿದ್ದರಲ್ಲಿ ಬಂದದ್ದು. ಒಳಗೆ ಉಳಿದದ್ದು ಎಷ್ಟು ಉಂಟು ನೀವೇ ಅಂದಾಜು ಮಾಡಿ. ಸಣ್ಣ ಮೀನು ಹತ್ತು ಸೇರಿದರೂ ಇಷ್ಟು ಕೊಡುವುದಿಲ್ಲ."

ಬಸಣ್ಣ ಬಗ್ಗಿ ಪಾದದ ಮೇಲಿನ ಮೊಟ್ಟೆಯನ್ನು ಬೆರಳಿನಲ್ಲಿ ತೆಗೆದುಕೊಂಡು ನೋಡಿದ. ಬಿತ್ತನೆ ಕಾಳು ನೋಡುವ ಹಾಗೆ.

ದುರುಗಮ್ಮ ತಡೆಯಲಾರದೆ ಕೂಗಿದಳು: "ಏನ್ರವ್ವಾ, ನಿಮ್ಮ ಮಗಳು ಬಸುರಾಗಿ ತವರಿಗೆ ಬಂದ್ರೆ ಬಾಗಿಲಾಗೆ ಒನಕೆ ಹಿಡ್ಕಂಡು ನಿಂತ್ಕಂತೀರೇನು?"

ಎದುರು ದಂಡೆಯಿಂದ ಒಬ್ಬಾಕೆ ತಿರುಗಿ ಕೊಟ್ಟಳು: "ನಮ್ಮ ಮಗಳನ್ನ ಸಾರಿಗೆ ಹಾಕಾಕೆ ಬರಲ್ಲ ಕಣೆ ದುರುಗೀ!"

ಎರಡೂ ಕಡೆ ನಗು ಎದ್ದಿತು. ಎತ್ತಿದ ಬಡಿಗೆಗಳು ಅರ್ಧಕ್ಕೆ ಇಳಿದವು. ಆ ಸಂದಿಯಲ್ಲಿ ಬಸಣ್ಣ ಹೇಳಿದ: "ಇವತ್ತು ಬಿಡ್ತೀವಿ. ಆದ್ರೆ ಒಂದು ಮಾತು. ಈ ಮೀನಿಗೆ ನಿಮ್ಮ ನೂಲು ಕಟ್ರಿ, ಕಲ್ಲು ದಾಟಿಸಿ ಬಿಡ್ರಿ. ನಾಳೆ ಇದು ಇಳಿದು ಬಂದ್ರೆ ನೀವು ಹೇಳಿದ್ದು ಖರೆ. ಬರ್ಲಿಲ್ಲ ಅಂದ್ರೆ ಇನ್ನು ಹಳ್ಳದ ಸುದ್ದಿ ಎತ್ತಿದ್ರೆ ನಿಮ್ಮನ್ನೇ ಹತ್ತುಮೀನು ಮಾಡ್ತೀವಿ."

"ಒಂದು ಮೀನಿನ ಮೇಲೆ ಪಂಥ ಕಟ್ಟುವುದು ವಿಜ್ಞಾನ ಅಲ್ಲ ಬಸಣ್ಣನವರೇ. ಒಂದು ಮೀನನ್ನು ಹಾವು ತಿನ್ನಬಹುದು, ಹದ್ದು ಒಯ್ಯಬಹುದು."

"ಮತ್ತೆ ಬಡೀಲೇನು?"

ಸಾಹೇಬರು ನನ್ನತ್ತ ಕೈ ಚಾಚಿದರು. ಜೇಬಿನಿಂದ ನೂಲು ತೆಗೆದುಕೊಟ್ಟೆ. ಕಚ್ಚಿಸಿಕೊಂಡ ಕೈಯಿಂದಲೇ ಗಂಟು ಹಾಕಿ, ಕಲ್ಲುಹಾಸಿನ ಮೇಲ್ಗಡೆ ಅದನ್ನು ಬಿಟ್ಟರು. ಬಾಲ ಒಮ್ಮೆ ಬಡಿದು ಕೆನ್ನೀರಿನಲ್ಲಿ ಮಾಯವಾಯಿತು. ಆಮೇಲೆ ಕೈಗೆ ಸಿಕ್ಕ ಬೇರೆ ಮೀನುಗಳಿಗೂ ಕಟ್ಟಿದರು. ಆದರೆ ಜನ ಲೆಕ್ಕಕ್ಕೆ ಇಟ್ಟದ್ದು ಅದೊಂದನ್ನೇ.

ಬೆಳಗಾಗುವಷ್ಟರಲ್ಲಿ ಮಳೆ ನಿಂತು ಹಳ್ಳ ಇಳಿಯತೊಡಗಿತ್ತು. ಅದೇ ಭಯ. ನೀರು ಬೇಗ ಬತ್ತಿದರೆ ಮೀನೆಲ್ಲ ಮೇಲೆಯೇ ಸಿಕ್ಕಿ ಸಾಯುತ್ತವೆ, ಬಸಣ್ಣನ ಮಾತೇ ನಿಜವಾಗುತ್ತದೆ. ಸಾಹೇಬರು ಬಂಡಿದಾರಿಯ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಕನ್ನಡಕ ಸಿಕ್ಕಿತ್ತು, ಒಂದು ಗಾಜು ಒಡೆದಿತ್ತು. ಜನ ಬಂದರು. ಕೇರಿಯೂ ಬಂತು. ನೀರು ಮೊಣಕಾಲಿನಿಂದ ಮೀನಖಂಡಕ್ಕೆ ಇಳಿಯಿತು.

ತಿಳಿಯಾಗುತ್ತಿದ್ದ ನೀರಿನಲ್ಲಿ ಮೀನು ಕಂಡವು. ಎಲ್ಲದರ ಮುಖವೂ ಮೇಲಕ್ಕೆ.

"ನೋಡ್ರಿ, ಇನ್ನೂ ಹತ್ತುತಾ ಐದಾವೆ! ಇಳಿಯೋದೆಲ್ಲಿ ಬಂತು?" ಎಂದ ಬಸಣ್ಣ. ಅವನ ಹಿಂದೆ ಬಡಿಗೆಗಳು ಎದ್ದವು. ಗಂಗಪ್ಪ ಮುಖ ತಿರುಗಿಸಿದ. ಎರಡು ಬೇಸಗೆ ಹೋಯಿತು ಎಂದು ಅವನ ಬೆನ್ನೇ ಹೇಳುತ್ತಿತ್ತು.

ಸಾಹೇಬರು ಮಾತ್ರ ಕದಲಲಿಲ್ಲ. "ಬಿ.ಎಸ್ಸಿ., ಮೀನು ನೋಡಬೇಡಿ. ಅದರ ಪಕ್ಕದ ಕಲ್ಲು ನೋಡಿ" ಎಂದರು, ಪಿಸುದನಿಯಲ್ಲಿ.

ನೋಡಿದೆ. ಮೀನಿನ ತಲೆ ಕಲ್ಲಿನ ಪಕ್ಕದಲ್ಲಿತ್ತು. ಸ್ವಲ್ಪ ಹೊತ್ತಿಗೆ ಆ ತಲೆ ಕಲ್ಲಿಗಿಂತ ಕೆಳಗಿತ್ತು. ಮತ್ತೂ ಸ್ವಲ್ಪ ಕೆಳಗೆ. ಮುಖವನ್ನು ಹರಿವಿಗೆ ಎದುರಾಗಿಯೇ ಇಟ್ಟುಕೊಂಡು, ಬಾಲ ಮುಂದಾಗಿ, ಅವು ಹಿಂದಕ್ಕೆ ಸರಿಯುತ್ತಿದ್ದವು. ಹತ್ತುತ್ತಿರಲಿಲ್ಲ. ಇಳಿಯುತ್ತಿದ್ದವು.

"ಇಳೀತಾ ಇದಾವೆ!" ನನಗೇ ತಿಳಿಯದಂತೆ ಕೂಗಿದ್ದೆ. "ಬೆನ್ನು ಹಾಕದೆ ಇಳೀತಾ ಇದಾವೆ ನೋಡ್ರಿ!"

ಬಸಣ್ಣ ನಂಬಲಿಲ್ಲ. ನೀರಿನ ಪಕ್ಕ ಕೂತು ಒಂದು ಕಡ್ಡಿ ನೆಟ್ಟು ನೋಡಿದ. ಆಗ ಕಲ್ಲುಹಾಸಿನ ಮೇಲೆ, ಬಾಲದ ಕಡೆಯಿಂದ ಜಾರುತ್ತಾ ಒಂದು ದೊಡ್ಡ ಬಾಳೆಮೀನು ಬಂತು. ಬೆನ್ನಿನ ಮೇಲೆ ಕೆಂಪು ನೂಲು. ಹೊಟ್ಟೆ ಖಾಲಿ ಚೀಲದಂತೆ ಮಡಿಚಿಕೊಂಡಿತ್ತು.

ಯಾರೂ ಬಡಿಗೆ ಎತ್ತಲಿಲ್ಲ. ಬಸಣ್ಣ ಬಹಳ ಮೆಲ್ಲಗೆ ಹೇಳಿದ: "ಇವನ್ನೇ ನಾವು ತಡವಾಗಿ ಹತ್ತೋವು ಅಂತ ಬಡೀತಿದ್ದಿದ್ದು. ನಮ್ಮಪ್ಪನೂ ಹಂಗೇ ಬಡೀತಿದ್ದ."

"ನನಗೂ ಇದು ಗೊತ್ತಿರಲಿಲ್ಲ ಮಾರಾಯ್ರೆ" ಎಂದು ಸಾಹೇಬರು ನಕ್ಕರು. ವರ್ಷದ ಮೇಲೆ ನಕ್ಕದ್ದು. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಹಾಗಾದರೆ ಕಾನೂನು ಇಷ್ಟೇ. ಮುಖ ನೋಡಬೇಡಿ, ಹೊಟ್ಟೆ ನೋಡಿ. ತುಂಬಿದ್ದರೆ ಬಿಡಿ. ಖಾಲಿಯಾಗಿದ್ದರೆ ನಿಮ್ಮದು."

ಆ ದಿನದ ಖಾಲಿಹೊಟ್ಟೆಯ ಮೀನನ್ನು ಮೇಲಿನೂರಿನವರು ಹಿಡಿದರು. ದುರುಗಮ್ಮ ಅದನ್ನೇ ಅವರಿಂದ ಕೊಂಡು ಸಂತೆಗೆ ಹೊತ್ತಳು, ದಾರಿಯುದ್ದಕ್ಕೂ ಬೆಲೆಗೆ ಜಗಳವಾಡುತ್ತಾ. ನೂಲಿನದನ್ನು ಯಾರೂ ಮುಟ್ಟಲಿಲ್ಲ. ಅದಾದ ಮೇಲಿನ ಎರಡನೆಯ ಬೇಸಗೆಯಲ್ಲಿ ಗಂಗಪ್ಪ ಬಾವುಟದ ಹೊರಗೆ ಬಲೆ ಬಿಟ್ಟು ಎಳೆದಾಗ ನಾನು ದಂಡೆಯಲ್ಲಿದ್ದೆ. "ಹೆಂಗೈತೆ?" ಎಂದೆ. "ಭಾರ ಐತೆ" ಎಂದ. ಅಷ್ಟೇ. ಎಲ್ಲವೂ ಸರಿಹೋಯಿತು ಎಂದು ಸುಳ್ಳು ಬರೆಯಲಾರೆ. ಸಿಡಿಮದ್ದಿನ ತೋಟೆ ಹಾಕಿ ಮೀನು ಸಾಯಿಸುವವರು ಒಂದೆರಡು ಸಲ ಬಂದರು, ಮುಂಗಾರು ಕೈಕೊಟ್ಟ ವರ್ಷ ಹಳ್ಳ ಹರಿಯಲೇ ಇಲ್ಲ. ಆದರೂ ಬಾವುಟ ಹರಿದಾಗಲೆಲ್ಲ ಕೇರಿ ಹೊಸದು ಕಟ್ಟುತ್ತಲೇ ಇತ್ತು.

ಸಾಹೇಬರಿಗೆ ಮತ್ತೆ ವರ್ಗವಾಯಿತು. ಅವರ ಸಾಮಾನು ಒಂದು ಲಾರಿಯ ಹಿಂಭಾಗಕ್ಕೂ ತುಂಬಲಿಲ್ಲ. ಡ್ರೈವರನ ಪಕ್ಕ ಕೂರುವುದು ಬಿಟ್ಟು, ಹಿಂದೆ ಟ್ರಂಕಿನ ಮೇಲೆ ನಮ್ಮ ಕಡೆ ಮುಖ ಮಾಡಿ ಕೂತರು. ಲಾರಿ ಹೊರಟಿತು.

"ನೋಡ್ರೋ, ಸಾಹೇಬ್ರು ಬಾಲ ಮುಂದಾಗಿ ಇಳೀತಾ ಐದಾರೆ!" ಎಂದು ದುರುಗಮ್ಮ ಕೂಗಿದಳು. ಕೇರಿಯೆಲ್ಲ ನಕ್ಕಿತು.

ಬೆಳಿಗ್ಗೆ ಅವಳ ಮನೆಯಲ್ಲೇ ಮುದ್ದೆ, ಮೀನಿನ ಸಾರು ಉಂಡಿದ್ದ ಸಾಹೇಬರು ಹೊಟ್ಟೆ ತಟ್ಟಿ ತೋರಿಸಿದರು. "ಮುಖ ನೋಡಬೇಡಿ ದುರುಗಮ್ಮ! ತುಂಬಿ ಉಂಟು!"

"ಹಂಗಾದ್ರೆ ಹತ್ತಾಕೆ ಹೊಂಟೀರಿ ಬಿಡ್ರಿ!"

ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅವರ ಮುಖ ಹೊಳೆಯ ಕಡೆಗೇ ಇತ್ತು.

ಮೊನ್ನೆ ಐಸ್ ಲಾರಿಯವನು ಸುದ್ದಿ ಹೇಳಿದ ಮರುದಿನ ಹೊನ್ನಾಳಿಗೆ ಹೋದೆ. ಗಂಗಪ್ಪ ಈಗಿಲ್ಲ. ದುರುಗಮ್ಮ ಬಾಗಿಲಲ್ಲಿ ಕೂತು ಮೀನು ಹಸನು ಮಾಡುತ್ತಿದ್ದಳು. ಹೇಳಿದೆ. ಅವಳ ಕೈ ನಿಂತಿತು.

"ಹೆಂಗಾತಂತೆ?"

"ಕಡಲ ಹತ್ತಿರ ಕೂತಿದ್ದರಂತೆ. ಕಡಲಿಗೆ ಮುಖ ಮಾಡಿಕೊಂಡು."

"ಉಂಡಿದ್ರಂತಾ?"

ನನಗೆ ಗೊತ್ತಿರಲಿಲ್ಲ. ಅವಳು ಮತ್ತೆ ಮೀನಿಗೆ ಕೈ ಹಾಕಿದಳು. ನನ್ನ ಕಡೆ ನೋಡಲಿಲ್ಲ. "ಅಷ್ಟು ವರ್ಷ ಅವರ ಸಂಗಾಟ ಇದ್ದೆ. ಇವತ್ತು ಹೊಟ್ಟೆ ಕೇಳ್ದೆ ಮುಖ ಕೇಳ್ಕಂಡು ಬಂದಿದೀಯಲ್ಲಪ್ಪಾ" ಎಂದಳು.

ಮುಂದಿನ ವಾರ ಲಾರಿ ಬಂದಾಗ ಪೆಟ್ಟಿಗೆ ಇಳಿಸಲೂ ಬಿಡದೆ ಡ್ರೈವರನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು ಯೋಚಿಸಿದ.

"ಗಂಜಿ ಊಟ ಮಾಡಿಯೇ ಹೋಗಿದ್ದರಂತೆ ಸಾರ್. ಒಣಮೀನಿನ ಚಟ್ನಿ ಹಾಕಿಕೊಂಡು, ಹೊಟ್ಟೆ ತುಂಬ. ಅವರ ಮನೆಯವರೇ ಹೇಳಿದ್ದು."

ಅಂದೇ ಮಧ್ಯಾಹ್ನದ ಬಸ್ಸಿಗೆ ಮತ್ತೆ ಹೊನ್ನಾಳಿಗೆ ಹೋದೆ.